ಬಾಗಿಲಲ್ಲೇ ಮಲಗಿದವನು

ಜೂನ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕುಳಿತೆನೆಂದು ಸಿಟ್ಟಾಗಬೇಡ. ಪುಟ್ಟಿಗೆ ಐದು ತಿಂಗಳಾಯಿತು. ನಾನು ಎರಡು ಗಂಟೆ ಒಟ್ಟಿಗೆ ಕಣ್ಣು ಮುಚ್ಚದೆಯೂ ಅಷ್ಟೇ ತಿಂಗಳಾಯಿತು. ಅವಳ ಜ್ವರ ಇಳಿದಿದೆ. ಆದರೂ ಗಳಿಗೆಗೊಮ್ಮೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಇದನ್ನು ಬರೆಯುವಾಗಲೂ ಎಡಗೈ ಅಲ್ಲೇ ಇದೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಇವರು ಮನೆಯ ಕಡೆ ಬರದೆ ಹನ್ನೊಂದು ದಿನವಾಯಿತು. ದೂರವೇನೂ ಹೋಗಿಲ್ಲ. ನಾಲ್ಕು ಬೀದಿ ಆಚೆ, ಕುರ್ಚಿ-ಮೇಜಿನ ಅಂಗಡಿಯ ಮೇಲಿರುವ ನಮ್ಮ ಪ್ರಾರ್ಥನಾ ಮಂದಿರದ ಕಚೇರಿಯಲ್ಲಿ, ಬೆಂಚಿನ ಮೇಲೆ ಮಲಗುತ್ತಾರೆ. ಸಭಾಪಾಲಕರ ಕಾರ್ಯದರ್ಶಿಯಲ್ಲವೇ! ವಾರ್ಷಿಕ ಕೂಟ ಹತ್ತಿರ ಬಂತಂತೆ, ಪಾಲಕರಿಗೆ ಇವರಿಲ್ಲದೆ ಕೈಕಾಲೇ ಆಡುವುದಿಲ್ಲವಂತೆ. ನಮ್ಮ ಸಭೆಯ ಅರವತ್ತು ಕುರಿಗಳ ಹಿಂಡಿಗೆ ಆ ಪಾಲಕ ಎಂಥ ಕಾವಲುಗಾರ ನೋಡು, ಕಾರಿನ ಬಾಗಿಲನ್ನೂ ತಾನಾಗಿ ತೆಗೆಯುವವನಲ್ಲ.

ನಿನ್ನೆ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಆರಾಧನೆಗೆ ಹೋದೆ, ಮುಗಿದ ಮೇಲೆ ಗಂಡನನ್ನು ಕೇಳಿ ಪಡೆದು ಮನೆಗೆ ಕರೆತರೋಣವೆಂದು. ಪಾಲಕರ ಉಪದೇಶದ ಪ್ರಸಂಗ ನಿಷ್ಠೆಯ ಕುರಿತು. ಬೈಬಲಿನ ಊರೀಯನ ಕಥೆ. ದಾವೀದ ರಾಜನು ಯುದ್ಧಭೂಮಿಯಿಂದ ಕರೆಸಿಕೊಂಡಾಗ, ಜೊತೆಗಾರರು ಬಯಲಲ್ಲಿ ಮಲಗಿರುವಾಗ ತಾನು ಹೆಂಡತಿಯ ಬಳಿಗೆ ಹೋಗಲಾರೆನೆಂದು ಅರಮನೆಯ ಬಾಗಿಲಲ್ಲೇ ಮಲಗಿದ ಸೈನಿಕ. ಪಾಲಕರು ದನಿ ನಡುಗಿಸಿ, ಇಂಥವನೊಬ್ಬ ನಮ್ಮ ನಡುವೆಯೂ ಇದ್ದಾನೆ ಎಂದು ಇವರತ್ತ ಕೈ ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಇವರು ತಲೆ ತಗ್ಗಿಸಿ ನಾಚಿದರು. ನಮ್ಮ ಮದುವೆಯ ದಿನವೂ ಅಷ್ಟು ನಾಚಿರಲಿಲ್ಲ.

ಕಥೆಗೆ ಅಲ್ಲೇ ಮಂಗಳ ಹಾಡಿಬಿಟ್ಟರು. ಆ ದಾವೀದ ಊರೀಯನ ಹೆಂಡತಿಯನ್ನು ಆಗಲೇ ಕೆಡಿಸಿದ್ದ, ಅವಳ ಬಸಿರನ್ನು ಮುಚ್ಚಿಹಾಕಲೆಂದೇ ಮನೆಗೆ ಹೋಗೆಂದಿದ್ದ, ಹೋಗದಿದ್ದಾಗ ಅವನನ್ನು ಕೊಲ್ಲಿಸುವ ಪತ್ರವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದ. ಇದೊಂದೂ ಪಾಲಕರ ಬಾಯಿಗೆ ಬರಲಿಲ್ಲ. ಬೈಬಲನ್ನು ಹೀಗೆ ಬೇಕಾದಷ್ಟೇ ಕತ್ತರಿಸಿ ಓದುವುದಾದರೆ ನಾನೂ ಪಾಲಕಳಾಗಬಹುದು.

ನೆಟ್ಟಗೆ ಕಚೇರಿಗೆ ಹೋದೆ. ಪಾಲಕರು ಬೆವರು ಒರೆಸಿಕೊಳ್ಳುತ್ತಿದ್ದರು; ಇವರು ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಮಗುವಿಗೆ ನಾಲ್ಕು ದಿನ ಜ್ವರ ಕಾದಿತ್ತು, ಒಬ್ಬಳೇ ಆಸ್ಪತ್ರೆಗೆ ಅಲೆದೆ, ಇವರನ್ನು ಬಿಟ್ಟುಕೊಡಿ ಎಂದೆ.

"ನಾನೆಲ್ಲಮ್ಮಾ ಹಿಡ್ಕೊಂಡಿದ್ದೀನಿ? ಮನೆಗೆ ಹೋಗಪ್ಪಾ ಅಂತ ದಿನಾ ಹೇಳ್ತೀನಿ. ಅವನೇ ಹೋಗಲ್ಲ."

"ದಾವೀದನೂ ಹೀಗೇ ಹೇಳಿದ್ದ ಅಯ್ಯನೋರೆ," ಎಂದೆ. "ಆಮೇಲೇನಾಯ್ತು ಅನ್ನೋದನ್ನ ಮುಂದಿನ ವಾರ ಹೇಳ್ತೀರಾ?"

ಅವರ ಮುಖ ಸುಟ್ಟ ಬದನೆಕಾಯಿ. ಮಾತಾಡಿದ್ದು ಇವರು: "ದೊಡ್ಡವರ ಹತ್ರ ಹೀಗಾ ಮಾತಾಡೋದು? ಮೊದಲು ಕ್ಷಮೆ ಕೇಳು." ಮಗು ಹೇಗಿದೆ ಎಂದು ಕೇಳಲಿಲ್ಲ. ಲೋಟದ ನೀರು ಮಾತ್ರ ತುಳುಕದಂತೆ ಹಿಡಿದಿದ್ದರು.

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರೆ. ಇವರು ಊರಿಗೂ ಅಲ್ಲ, ಒಬ್ಬನಿಗೆ. ಆದರೂ ಅಕ್ಕ, ಇವರನ್ನು ಹಳಿಯಲು ಮನಸ್ಸು ಬರುತ್ತಿಲ್ಲ. ಹಗ್ಗ ಆ ಮನುಷ್ಯನ ಕೈಯಲ್ಲಿದೆ, ಅವನು ಸಡಿಲ ಬಿಟ್ಟ ದಿನ ಇವರು ಮನೆ ಸೇರುತ್ತಾರೆ ಎಂದೇ ನಿನ್ನೆಯೆಲ್ಲ ಅಂದುಕೊಂಡೆ.

ನಿನ್ನ ಮಕ್ಕಳನ್ನು ದೇವರು ನೂರು ಕಾಲ ಚೆನ್ನಾಗಿಟ್ಟಿರಲಿ. ಭಾವ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿರಲಿ.

ನಿನ್ನ
ತಂಗಿ

ಮತ್ತೊಂದು ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಇವರ ಮಾಸಿದ ಬಟ್ಟೆಯ ಚೀಲ ಬಂತು, ಒಗೆದು ಕಳಿಸಬೇಕಂತೆ. ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಹಾಳೆಗಳಿದ್ದವು. ನಿನ್ನೆಯ ಪ್ರಸಂಗವೇ, ಮೊದಲಿಂದ ಕೊನೆಯವರೆಗೆ ಇವರ ಕೈಬರಹದಲ್ಲಿ. ಹೊಡೆದುಹಾಕಿ, ತಿದ್ದಿ, ಮತ್ತೆ ಬರೆದಿದ್ದಾರೆ. 'ನಮ್ಮ ನಡುವೆಯೂ ಇದ್ದಾನೆ' ಎಂಬಲ್ಲಿ ಅಂಚಿನಲ್ಲೊಂದು ಸೂಚನೆ: ಇಲ್ಲಿ ಸ್ವಲ್ಪ ನಿಲ್ಲಿಸಿ, ನನ್ನ ಕಡೆ ಕೈ ತೋರಿಸುವುದು. ಪಾಲಕರು ಇವರನ್ನು ದಿನವೂ ಮನೆಗೆ ಹೋಗೆಂದದ್ದು ನಿಜವೇ ಇರಬೇಕು, ಅಕ್ಕ.