ಎಸಿಗೆ ಒತ್ತಿಟ್ಟ ಮೆಣಸಿನ ಮೂಟೆಗಳು

ನೇಮಪ್ಪನವರೇ,

ಎಸಿ ರಿಪೇರಿಯ ಮಲಯಾಳಿ ಹುಡುಗ ಷಿನೋಜ್ ಬಂದಿದ್ದ. ಹೊರಗಿನ ಪೆಟ್ಟಿಗೆಯ ಬಿಸಿಗಾಳಿಗೆ ಬೇಗ ಒಣಗಲೆಂದು ನೀವು ಅದಕ್ಕೆ ಒತ್ತಿಟ್ಟ ಮೆಣಸಿನ ಮೂಟೆಗಳನ್ನು ನೋಡಿ ನಕ್ಕುಬಿಟ್ಟ. "ಬಿಟ್ಟ ಬಿಸಿಗಾಳೀನೇ ಮತ್ತೆ ಎಳ್ಕೊಳ್ತಿದೆ ಚೇಚಿ, ರೂಮು ಹೇಗೆ ತಂಪಾಗುತ್ತೆ?" ಎಂದ.

ಮುಟ್ಟು ನಿಲ್ಲುವ ವಯಸ್ಸಿನ ನನ್ನ ಮೈಕಾವಿಗೇ ಕೋಣೆ ತಣಿಯುತ್ತಿಲ್ಲವೆಂದು ಬೇಸಿಗೆಯಿಡೀ ನನ್ನನ್ನು ಅಡುಗೆಮನೆಯಲ್ಲಿ ಮಲಗಿಸಿದಿರಿ. ನಿಮ್ಮ ತಂಗಿಯ ಎದುರೂ ಅದನ್ನೇ ಹೇಳಿ ನಗಿಸಿದಿರಿ.

ಅನ್ನ, ಹುರುಳಿ ಸಾರು ಮುಚ್ಚಿಟ್ಟಿದ್ದೇನೆ. ಹೊತ್ತು ಮುಳುಗುವ ಮೊದಲು ಉಣ್ಣಿ. ಮೊಸರು ಹುಳಿ ಬಂದಿದೆ, ಅದು ನನ್ನ ಕಾವಿಗಲ್ಲ.

ಮೂಟೆ ಸರಿಸುತ್ತೇನೆಂದ ಷಿನೋಜನನ್ನು ನಾನೇ ತಡೆದೆ. ಕಲ್ಲೂರಿನ ಅಕ್ಕನ ಮನೆಗೆ ಹೊರಟಿದ್ದೇನೆ. ಹಿಂದಿರುಗುವುದಿಲ್ಲ. ಈಗ ಮನೆಯಲ್ಲಿ ನನ್ನ ಕಾವಿಲ್ಲವಲ್ಲ, ಬಾಗಿಲು ಭದ್ರವಾಗಿ ಹಾಕಿಕೊಂಡು ತಣ್ಣಗೆ ಮಲಗಿ.