ಉಳಿದದ್ದು ಎಂಟು ಶೀಟು

ಸೆಪ್ಟೆಂಬರ್ 9, ಮಂಗಳವಾರ. ಪಾಲಿಬೆಟ್ಟ

ಹತ್ತಕ್ಕೆ ಟ್ರೈಪಾಡ್ ನಿಲ್ಲಿಸಿದೆ. ಎಂದಿನಂತೆ ಮೊದಲು ಇನ್‌ಸ್ಟಂಟ್ ಫಿಲ್ಮ್‌ನಲ್ಲಿ ಒಂದು, ಕೂಡಲೇ ಚಿತ್ರ ಮೂಡುವಂಥದ್ದು, ಬೆಳಕು ಸರಿಯಿದೆಯಾ ನೋಡಲು. ಆಮೇಲೆ ಅದೇ ಕ್ಯಾಮೆರಾದಲ್ಲಿ ದೊಡ್ಡ ಫಿಲ್ಮ್, ನೆಗೆಟಿವ್ ಸಿಗುವಂಥದ್ದು. ಇನ್‌ಸ್ಟಂಟ್ ಪ್ರಿಂಟ್ ಕೂತವರಿಗೇ ಕೊಟ್ಟುಬಿಡುವುದು ನನ್ನ ಪದ್ಧತಿ.

ಇವತ್ತು ಕೂತದ್ದು ಬೆಳ್ಳಿ, ಕಾಫಿ ಎಸ್ಟೇಟಿನ ಸಾಲುಮನೆಯಲ್ಲಿರುವ ಕೂಲಿಯಾಳು. ಕಳೆ ಔಷಧಿ ಹೊಡೆದು ಹೊಡೆದು ಅಂಗೈ ಚರ್ಮವೆಲ್ಲ ಸುಲಿದಿದೆ. ಎಸ್ಟೇಟಿನವರು ಗ್ಲೌಸ್ ಕೊಟ್ಟಿಲ್ಲ. ಮೊಬೈಲ್ ಫೋಟೋ ಆದರೆ ಕೋರ್ಟಲ್ಲಿ ಸುಳ್ಳು ಅಂತಾರೆ, ನೆಗೆಟಿವ್ ಇರೋದು ತನ್ನಿ — ಕೂಲಿಗಳ ಕೇಸು ಹಿಡಿದಿರುವ ವಕೀಲ ತೀರ್ಥಪ್ರಸಾದ್ ಹೇಳಿದ್ದು.

"ಮುಖ ಬೇಡ ಯಮುನಕ್ಕ. ರೈಟರಿಗೆ ಗೊತ್ತಾದ್ರೆ ಲೈನ್‌ಮನೆ ಖಾಲಿ ಮಾಡಿಸ್ತಾರೆ. ಮೂರು ಮಕ್ಕಳನ್ನ ಕಟ್ಕೊಂಡು ಎಲ್ಲಿಗೋಗ್ಲಿ?"

ಕೈಯ ಫೋಟೋ ಮಾತ್ರ ತೆಗೆದೆ. ಆಮೇಲೆ ಅವಳು ಕ್ಯಾಮೆರಾದ ಹಿಂದಿನ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಕ್ಯಾಮೆರಾದ ಗಾಜು ನೋಡಿ ನಕ್ಕಳು. "ಅಯ್ಯೋ, ಲೈನ್ ಪೂರಾ ತಲೆಕೆಳಗು!" ಪ್ರಿಂಟ್ ಕೊಟ್ಟೆ. ಸೆರಗಲ್ಲಿ ಸುತ್ತಿ ಒಳಗೆ ಒಯ್ದಳು.

ಸೆಪ್ಟೆಂಬರ್ 12, ಶುಕ್ರವಾರ

ಬೆಳ್ಳಿ ಫೋನ್. ಅಳುತ್ತಿದ್ದಳು. ಎಸ್ಟೇಟಿನ ಲೆಕ್ಕ, ಹಾಜರಿ ನೋಡುವ ರೈಟರ್ ಬೆಳ್ಯಪ್ಪ ಸೋರುವ ಹೆಂಚು ನೋಡಲು ಬಂದಿದ್ದನಂತೆ. ದೇವರ ಪಟದ ಪಕ್ಕ ಪ್ರಿಂಟ್ ಅಂಟಿಸಿದ್ದಳು. ಕಿತ್ತುಕೊಂಡು ಹೋಗಿದ್ದಾನೆ. ಭಾನುವಾರ ನಾಲ್ಕಕ್ಕೆ ಬರ್ತಾನೆ — ಫಿಲ್ಮ್ ಕೊಡಿಸಬೇಕು, ಇಲ್ಲಾ ಮನೆ ಬಿಡಬೇಕು.

ಥೂ ನನ್ನ ಬುದ್ಧಿಗೆ! ಫೋಟೋದಲ್ಲಿ ಮುಖ ಇರಲಿಲ್ಲ, ಸರಿ. ಅಂಟಿಸುವ ಗೋಡೆ ಯಾರದು? ಹದಿನಾಲ್ಕು ವರ್ಷದ ಕಸುಬು, ಇಷ್ಟು ಹೊಳೆಯಲಿಲ್ಲ...

ಸೆಪ್ಟೆಂಬರ್ 14, ಭಾನುವಾರ. ಮಧ್ಯಾಹ್ನ 1.30

ಬೆಳ್ಳಿಯ ಮನೆಗೆ ಫಿಲ್ಮ್ ತಂದಿದ್ದೇನೆ, ಇನ್ನೂ ತೊಳೆದಿಲ್ಲ. ಬೆಳ್ಯಪ್ಪನಿಗೆ ಕೊಟ್ಟುಬಿಡೋಣ ಅಂದೆ. ಸಿಡಿದಳು.

"ನೀವು ಕೊಟ್ಟಿದ್ದಕ್ಕೆ ಅಂಟಿಸ್ದೆ. ಈಗ ನೀವೇ ಹೋಗಿ ಅವ್ರ ಕೈಗೆ ಕೊಡ್ತೀರಾ? ಕೈ ನಂದು ಅಕ್ಕ."

ಎಷ್ಟು ಶೀಟ್ ಉಳಿದಿದೆ ಅಂತ ಕೇಳಿದಳು. ಇನ್‌ಸ್ಟಂಟ್ ಎಂಟು. ಈ ಲೈನಿನಲ್ಲಿ ಮನೆಯೂ ಎಂಟು. ಎದ್ದು ಹೋಗಿ ಪಕ್ಕದ ಬಾಗಿಲು ಬಡಿದಳು.

2.45

ಒಬ್ಬೊಬ್ಬರದೇ ಅಂಗೈ ತೆಗೆಯುತ್ತಿದ್ದೇನೆ. ಪಕ್ಕದ ಮನೆಯ ಚೋಮನ ಹೆಂಡತಿ ಬರಲ್ಲ ಅಂದಳು. ಆಮೇಲೆ ಬಂದಳು, ಕೈ ತೊಳೆದುಕೊಂಡು. ಔಷಧಿ ಹೊಡೆಯದ ಕೈಯೇ ಇಲ್ಲ ಇಲ್ಲಿ. ತೆಗೆದ ಪ್ರಿಂಟನ್ನು ಅವರವರ ಬಾಗಿಲಿಗೆ, ಹೊರಗಡೆಗೇ, ಅನ್ನದ ಅಗುಳು ಹಚ್ಚಿ ಅಂಟಿಸುತ್ತಿದ್ದಾರೆ.

"ಒಬ್ಳನ್ನ ಓಡಿಸ್ಬೋದು. ಎಲ್ರನ್ನೂ ಓಡ್ಸಿದ್ರೆ ಕಾಫಿ ಪಿಕಿಂಗ್‌ಗೆ ಯಾರನ್ನ ಕರೀತಾರೆ, ನೋಡೋಣ." ಬೆಳ್ಳಿ ಗೇಟಿನ ಕಡೆ ನೋಡುತ್ತಲೇ ಹೇಳಿದಳು. ನನಗೂ ಭಯ. ಫೋಕಸ್ ಎರಡೆರಡು ಸಲ ನೋಡುತ್ತಿದ್ದೇನೆ.

3.50

ಏಳು ಮನೆ ಆಯಿತು. ಕೊನೆಯ ಶೀಟ್. ಬೆಳ್ಳಿ ತಲೆ ಬಾಚಿಕೊಂಡು ಬಂದು ಕೂತಳು, ಅಂಗೈ ಎದುರಿಗೆ ಹಿಡಿದು. ಮುಖ ಬರದಂತೆ ಕ್ಯಾಮೆರಾ ಕೆಳಗಿಳಿಸುತ್ತಿದ್ದೆ.

"ಮೇಲೆತ್ತಿ ಅಕ್ಕ. ಮುಖ ಸಮೇತ ತೆಗೀರಿ."

ಬೇಡ ಕಣೇ ಅಂದೆ. ಕೇಳಲಿಲ್ಲ. ತೆಗೆದೆ.

ಪ್ರಿಂಟ್ ಮೂಡಲು ಎರಡು ನಿಮಿಷ ಬೇಕು. ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗೇಟಿನ ಹತ್ತಿರ ಬೆಳ್ಯಪ್ಪನ ಜೀಪ್ ಸದ್ದು. ಅಂಗೈ ಬಂತು. ಕೊರಳು ಕಾಣುತ್ತಿದೆ. ಇದನ್ನೂ ಅಂಟಿಸಲು ಬೆಳ್ಳಿ ಅನ್ನದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ. ಜೀಪ್ ನಿಂತಿತು. ಮುಖ ಈಗ —