ಕಾಲೇಜಿನ ಹೆಸರಲ್ಲಿ ಬಂದ ತೆಂಗಿನಕಾಯಿ

ಹಿಂದೂಪುರ
14-6-1949

ತಮ್ಮ ಮರುಳಸಿದ್ದಪ್ಪನಿಗೆ ಅಕ್ಕನ ಆಶೀರ್ವಾದ.

ನಿರ್ಮಲೆಗೆ ಯಾವ ಕಾಲೇಜು ಸರಿ ಎಂದು ಬಲ್ಲವರು ಬಂದಿದ್ದಾರೆ, ಕಲ್ಯಾಣದುರ್ಗಕ್ಕೆ ಕರೆದುಕೊಂಡು ಬಾ ಎಂದು ನೀನು ಹೇಳಿಕಳಿಸಿದೆ. ನಾನು ನಂಬಿ ಬಂದೆ. ನಿನ್ನ ಪಡಸಾಲೆಯಲ್ಲಿ ಕೂತಿದ್ದ ಆ ಜರಿ ರುಮಾಲಿನವನು ಮಗಳ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟನ್ನು ಮುಟ್ಟಲೂ ಇಲ್ಲ. "ಎಲ್ಲಿ ಅಮ್ಮಾಯಿ, ಬಾಗಿಲ ತಂಕ ನಡಿ ನೋಡಾನ" ಎಂದ. ಜಡೆ ಸ್ವಂತದ್ದೋ ಚೌರಿಯೋ ಎಂದು ಅವನ ಹೆಂಡತಿ ಎಳೆದು ನೋಡಿದಳು. ನಮ್ಮ ಮಂಡಿಯಲ್ಲಿ ಹುಣಸೆಹಣ್ಣು ಕೊಳ್ಳುವವರೂ ಕೇಳದೆ ಕೈ ಹಾಕುವುದಿಲ್ಲ. ಕಾಲೇಜು ತೋರಿಸುತ್ತೇನೆಂದು ಕರೆಸಿ ನೀನು ಹೆಣ್ಣು ತೋರಿಸಿದೆ. ಎಲೆಅಡಿಕೆ ಜಗಿಯುತ್ತ ನಗುತ್ತಲೂ ಇದ್ದೆ. ನನಗೆ ಹೇಸಿಗೆಯಾಯಿತು.

ಅವನ ಹೆಂಡತಿ ಕಾಯಿ, ಕುಪ್ಪಸದ ಬಟ್ಟೆ ಇಟ್ಟು ಉಡಿ ತುಂಬಿದಾಗ ಹುಡುಗಿ ನನ್ನ ಕಿವಿಯಲ್ಲಿ, "ಅಮ್ಮಾ, ಸೀಟು ಸಿಕ್ಕೋರಿಗೆಲ್ಲ ತೆಂಗಿನಕಾಯಿ ಕೊಡ್ತಾರಾ?" ಎಂದಳು. ನಿನ್ನ ಮನೆಯಲ್ಲಿ ರಂಪವಾಗಬಾರದೆಂದು ನಾನು ಅವಳ ಕೈ ಹಿಡಿದು ಬಸ್ಸಿಗೆ ಹೊರಟೆ.

ಆ ಕಾಯಿ, ಕುಪ್ಪಸದ ಬಟ್ಟೆ ಎರಡನ್ನೂ ನಮ್ಮ ಮಂಡಿಯ ಕರಿಸಿದ್ದಪ್ಪನ ಕೈಯಲ್ಲಿ ಕಳಿಸಿದ್ದೇನೆ. ಕೊಟ್ಟವರಿಗೆ ನೀನೇ ಹೋಗಿ ಮುಟ್ಟಿಸು. ನಿನ್ನ ಮೇಜಿನ ಮೇಲೆ ಉಳಿದ ಸರ್ಟಿಫಿಕೇಟನ್ನು ಮಡಿಸದೆ ಇವನ ಕೈಗೆ ಕೊಡು. ಸೋಮವಾರದ ರೈಲಿಗೆ ಬೆಂಗಳೂರಿಗೆ ಹೋಗಿ ಅವಳನ್ನು ಹೆಣ್ಣುಮಕ್ಕಳ ಕಾಲೇಜಿಗೆ ಸೇರಿಸುತ್ತೇನೆ.

ವಿಜ್ಞಾನ ಏಕೆ ಓದಬೇಕು ಎಂದು ಕೇಳಿದರೆ ಹೇಳಲು ಅವಳು ಇಂಗ್ಲಿಷಿನಲ್ಲಿ ಉತ್ತರ ಕಲಿತು ಬಂದಿದ್ದಳು. ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಕೇಳಿದೆ. ಪೆನುಕೊಂಡ ದಾಟುವ ತನಕ ಹೇಳಿದಳು. ಕಾಲೇಜನ್ನು ನಾನು ಆರಿಸಿದ್ದು ಅಲ್ಲಿ.

ನಿನ್ನ ಅಕ್ಕ,
ಸರ್ವಮಂಗಳಮ್ಮ